ತೋಟದ ಬಾಗಿಲು ಯಾರಿಗೆ ತೆರೆಯಬೇಕು?

(ಕಳಸಾಪುರದಲ್ಲಿ ಸಂಜೆ ಸೇರಿದ ಕೆಲಸಗಾರರ ಮತ್ತು ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಮಾತಾಡಬೇಕಾದ ವಿಷಯ ನೋಡಲಿಕ್ಕೆ ಸಣ್ಣದು. ನಮ್ಮ ಕೆಲವು ತರುಣ ಗೆಳೆಯರು ಒಂದು ಅರ್ಜಿ ಬರೆದುಕೊಂಡು ಬಂದಿದ್ದಾರೆ. ಬೆಂಕಿ ಆರಿಸುವ ದಳದವರು, 108 ಗಾಡಿಯವರು, ಪೊಲೀಸರು ಆಪತ್ತಿನಲ್ಲಿ ನಮ್ಮ ಜೀವ ಕಾಯುವವರು. ಅವರಿಗೆ ಗೌರವ ತೋರಿಸಲಿಕ್ಕೆ ಸಾರ್ವಜನಿಕ ತೋಟಗಳಲ್ಲಿ, ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯದಲ್ಲಿ ಟಿಕೆಟ್ ಇಲ್ಲದೆ ಪ್ರವೇಶ ಕೊಡಬೇಕು ಎಂಬುದು ಅವರ ಬೇಡಿಕೆ. ಸಹಿ ಹಾಕಿರಿ ಎಂದು ನನ್ನ ಮುಂದೆ ಹಿಡಿದರು. ನಾನು ಸಹಿ ಹಾಕಿದೆ. ಹಾಕಿದ ಮೇಲೆ ರಾತ್ರಿಯೆಲ್ಲ ಅದನ್ನೇ ವಿಚಾರ ಮಾಡಿದೆ. ಸಹಿ ಹಾಕಿದ್ದು ತಪ್ಪಲ್ಲ, ಆದರೆ ಅರ್ಜಿ ಅರ್ಧ ಆಗಿದೆ ಎಂದು ತೋರಿತು. ಉಳಿದ ಅರ್ಧವನ್ನು ನಿಮ್ಮ ಮುಂದೆ ಇಡಲಿಕ್ಕೆ ಬಂದಿದ್ದೇನೆ.

ಹತ್ತಿಯ ಬೆಂಕಿ

ನಮ್ಮದು ಹತ್ತಿಯ ನಾಡು. ಹತ್ತಿಯ ಬೆಂಕಿ ಎಂದರೇನು ಎಂದು ಜಿನ್ನಿನಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. ಹತ್ತಿಯೊಳಗೆ ಒಂದು ಹರಳು ಸೇರಿ ಯಂತ್ರದ ಕಬ್ಬಿಣಕ್ಕೆ ತಾಗಿದರೆ ಸಾಕು, ಒಂದು ಕಿಡಿ ಹಾರುತ್ತದೆ. ಬಿಡಿ ಅರಳೆಯಾದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಉರಿದು ಹೋಗುತ್ತದೆ. ಒತ್ತಿ ಕಟ್ಟಿದ ಬೇಲಿನ ಒಳಗೆ ಕಿಡಿ ಸಿಕ್ಕಿತೋ, ಹೊರಗೆ ಏನೂ ಕಾಣುವುದಿಲ್ಲ. ಮೇಲೆ ನೀರು ಸುರಿದರೆ ಜಾರಿ ಹೋಗುತ್ತದೆ. ಒಳಗೊಳಗೇ ದಿನಗಟ್ಟಲೆ ಕುದಿಯುತ್ತ ಇದ್ದು, ಆರಿತು ಎಂದು ಎಲ್ಲರೂ ಮನೆಗೆ ಹೋದ ಮೇಲೆ ಎದ್ದು ನಿಲ್ಲುತ್ತದೆ. ಅದಕ್ಕೇ ಹತ್ತಿಯ ಬೆಂಕಿ ಆರಿಸುವವನು ಬೇಲನ್ನು ಹೊರಗೆ ಎಳೆಯಬೇಕು, ಬಿಚ್ಚಬೇಕು, ಹರವಬೇಕು, ಹೊಗೆಯಲ್ಲಿ ನಿಂತು ಕಾಯಬೇಕು.

ದೇಶದಲ್ಲಿ ಪ್ರತಿ ವರುಷ ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಎಂದು ಆಚರಿಸುತ್ತಾರೆ. ಅದು ಯಾಕೆ ಆ ದಿನವೇ? 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ನಿಂತಿತ್ತು. ಯುದ್ಧದ ಕಾಲ. ಹಡಗಿನ ಹೊಟ್ಟೆಯಲ್ಲಿ ಸಾವಿರ ಟನ್ನಿಗೂ ಮಿಕ್ಕಿದ ಸಿಡಿಮದ್ದು, ಅದರ ಜೊತೆಗೆ ಸಾವಿರಾರು ಹತ್ತಿಯ ಬೇಲುಗಳು. ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಂಡಿತು. ಬೆಂಕಿ ದಳದವರು ಬಂದು ನೀರು ಹೊಡೆಯತೊಡಗಿದರು. ಹತ್ತಿ ಆರಲಿಲ್ಲ. ಅವರು ಜಾಗ ಬಿಡಲಿಲ್ಲ. ನಾಲ್ಕು ಗಂಟೆ ಹೊಡೆದು ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ಅರ್ಧ ತಾಸಿನಲ್ಲಿ ಮತ್ತೊಂದು ಸಿಡಿತ. ಡಾಕು ಧೂಳಾಯಿತು, ಪಕ್ಕದ ಪೇಟೆ ಉರಿಯಿತು, ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದವರಲ್ಲಿ 66 ಜನ ತಿರುಗಿ ಬರಲಿಲ್ಲ. ಆ 66 ಜನರ ನೆನಪಿನ ದಿನ ಅದು.

ಹತ್ತಿಯನ್ನು ಬೆಳೆದವನು ಎಲ್ಲಿಯವನೋ, ಹಿಂಜಿದವನು ಎಲ್ಲಿಯವನೋ, ಬೇಲು ಹೊತ್ತ ಹಮಾಲ ಎಲ್ಲಿಯವನೋ. ಕೊನೆಗೆ ಅದರ ಬೆಂಕಿಗೆ ಮೈಕೊಟ್ಟವನು ಇನ್ನೊಬ್ಬ ಸಂಬಳದ ಮನುಷ್ಯ. ಇವರೆಲ್ಲ ಒಂದೇ ಕುಲದವರು ಎಂದು ನಾನು ತಿಳಿಯುತ್ತೇನೆ.

ಏಪ್ರಿಲ್ 14 ಇನ್ನೊಂದು ಕಾರಣಕ್ಕೂ ನಮಗೆ ದೊಡ್ಡ ದಿನ. ಅದು ಬಾಬಾಸಾಹೇಬ ಅಂಬೇಡ್ಕರರು ಹುಟ್ಟಿದ ದಿನ. ಮುಂಬಯಿಯ ಡಾಕು ಸಿಡಿದ ಆ ದಿನ ಅವರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದರು. ಒಂದು ದಿನದಲ್ಲಿ ಎರಡು ನೆನಪು ಕೂಡಿಕೊಂಡಿವೆ. ಒಂದು ಕೆಲಸ ಮಾಡುತ್ತ ಸತ್ತವರದು. ಇನ್ನೊಂದು ಕೆಲಸ ಮಾಡುವವರ ಹಕ್ಕಿಗಾಗಿ ಬದುಕಿದವರದು. ಈ ಎರಡನ್ನೂ ಬೇರೆ ಮಾಡಬಾರದು ಎಂಬುದೇ ನನ್ನ ಇವತ್ತಿನ ಮಾತಿನ ಸಾರ.

ಆಪತ್ತಿಗೆ ಆದವರು ಯಾರು?

ಅರ್ಜಿಯಲ್ಲಿ ಮೂರು ಹೆಸರು ಇವೆ: ಬೆಂಕಿ ದಳ, 108, ಪೊಲೀಸರು. ಇವರ ಬಗ್ಗೆ ತಕರಾರಿಲ್ಲ. 108 ಗಾಡಿ ನಮ್ಮ ರಾಜ್ಯದಲ್ಲಿ ಓಡತೊಡಗಿದ್ದು 2008ರ ನವೆಂಬರದಲ್ಲಿ. ಅದಕ್ಕೂ ಮೊದಲು ಹಳ್ಳಿಯ ಬಸುರಿ ಹೆಂಗಸನ್ನು ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೋದವರು ಈ ಸಭೆಯಲ್ಲಿಯೇ ಇದ್ದಾರೆ. ಆ ಗಾಡಿಯ ಬೆಲೆ ಅವರನ್ನು ಕೇಳಬೇಕು.

ಆದರೆ ಪಟ್ಟಿ ಅಲ್ಲಿಗೇ ನಿಲ್ಲಬೇಕೇ?

ದಕ್ಷಿಣಕ್ಕೆ ಕಪ್ಪತಗುಡ್ಡ ಇದೆ. 2019ರಲ್ಲಿ ಸರಕಾರ ಅದನ್ನು ವನ್ಯಜೀವಿ ಧಾಮ ಎಂದು ಸಾರಿತು. ಸುಮಾರು 244 ಚದರ ಕಿಲೋಮೀಟರ್ ಗುಡ್ಡ. ಬೇಸಿಗೆ ಬಂತೆಂದರೆ ಒಣ ಹುಲ್ಲಿಗೆ ಬೆಂಕಿ ಬೀಳುತ್ತದೆ. ಅಲ್ಲಿಗೆ ಕೆಂಪು ಗಾಡಿ ಹತ್ತುವುದಿಲ್ಲ. ಫಾರೆಸ್ಟ್ ಗಾರ್ಡು, ಅವನ ಜೊತೆಗೆ ದಿನಗೂಲಿಯ ವಾಚರ್, ಇವರು ಹಸಿರು ಟೊಂಗೆ ಹಿಡಿದು ಬಡಿಬಡಿದು ಬೆಂಕಿ ಆರಿಸಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿನ ಬೆಂಕಿಯಲ್ಲಿ ಮುರಿಗೆಪ್ಪ ತಮ್ಮನಗೋಳ ಎಂಬ ತರುಣ ಗಾರ್ಡ್ ಸತ್ತ. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಸುಂದರೇಶ್ ಎಂಬ ಗಾರ್ಡ್ ಬೆಂಕಿಗೆ ಸಿಕ್ಕು ತೀರಿಕೊಂಡ. ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. ಅಂದು ಹೂವಿನ ಗುಚ್ಛ ಇಡುತ್ತಾರೆ. ಆದರೆ ನಮ್ಮ ಅರ್ಜಿಯಲ್ಲಿ ಕಾಡಿನ ವಾಚರಿನ ಹೆಸರು ಇಲ್ಲ.

ಬಿರುಗಾಳಿ ಮಳೆಯ ರಾತ್ರಿ ಕರೆಂಟಿನ ತಂತಿ ಕಡಿದು ಬಿದ್ದಾಗ ಕಂಬ ಹತ್ತುವ ಲೈನ್‌ಮನ್ ಎಲ್ಲಿ? ಅರ್ಜಿಯಲ್ಲಿ ಇಲ್ಲ.

ಗಟಾರ ಕಟ್ಟಿಕೊಂಡು ಓಣಿಯೊಳಗೆ ಹೊಲಸು ನೀರು ನುಗ್ಗಿದಾಗ ನಾವು ಮೂಗು ಮುಚ್ಚಿಕೊಂಡು ಯಾರನ್ನು ಕರೆಯುತ್ತೇವೆ? ಪೌರಕಾರ್ಮಿಕರನ್ನು. ಮನುಷ್ಯನನ್ನು ಮಲದ ಗುಂಡಿಗೆ ಇಳಿಸಬಾರದು ಎಂದು 2013ರಲ್ಲಿ ಕಾಯಿದೆ ಆಯಿತು. ಇಳಿದು ಸತ್ತರೆ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಿರಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಾವು ನಿಲ್ಲಲಿಲ್ಲ. 2023ರಲ್ಲಿ ಅದೇ ಕೋರ್ಟು ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಎಂದರೆ ಗುಂಡಿಗೆ ಇಳಿಸುವುದು ನಿಂತಿಲ್ಲ ಎಂದೇ ಅರ್ಥ. ಇವರ ಹೆಸರೂ ಅರ್ಜಿಯಲ್ಲಿ ಇಲ್ಲ.

ಸಮವಸ್ತ್ರವೇ ಇಲ್ಲದವರೂ ಇದ್ದಾರೆ. 2018ರಲ್ಲಿ ಕೇರಳದಲ್ಲಿ ಮಹಾಪೂರ ಬಂದಾಗ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯ ಮೇಲೆ ಹೇರಿಕೊಂಡು ಬಂದು ಸಾವಿರಾರು ಜನರನ್ನು ಎತ್ತಿದರು. ಯಾವ ಸರಕಾರದ ನೌಕರರೂ ಅಲ್ಲ ಅವರು. 2019ರ ಆಗಸ್ಟಿನಲ್ಲಿ ನಮ್ಮ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರಗಳು ನೀರಿನಲ್ಲಿ ನಿಂತವು. ಅದೇ ವರುಷ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕಲ್ಲುಮಣ್ಣಿನ ಕೆಳಗಿಂದ ಬದುಕಿದವರನ್ನು ದಿನಗಟ್ಟಲೆ ಹುಡುಕಿ ತೆಗೆದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದಾಗ ಗಂಗಾವಳಿಯ ಕೆಸರು ನೀರಿಗೆ ಇಳಿದು ಹುಡುಕಿದವರಲ್ಲಿ ಈಶ್ವರ ಮಲ್ಪೆಯವರಂಥ ಮುಳುಗುಗಾರರು ಇದ್ದರು. ಕರೆಯದೆ ಬಂದವರು ಅವರು.

ಹೀಗೆ ನೋಡಿದರೆ ಆಪತ್ತಿಗೆ ಆದವರ ಪಟ್ಟಿ ಒಂದು ಖಾತೆಯ ಪಟ್ಟಿ ಅಲ್ಲ. ಟೋಪಿ ನೋಡಿ ಗೌರವ ಕೊಟ್ಟರೆ, ಟೋಪಿ ಇಲ್ಲದವನು ಬಾಗಿಲ ಹೊರಗೇ ಉಳಿಯುತ್ತಾನೆ.

ಹೂವಿನ ಮಳೆ, ಆಮೇಲೆ?

ಗೌರವದ ಮಾತು ಬಂದಿತು. ಒಂದು ಹಳೆಯದಲ್ಲದ ಕಥೆ ನೆನಪು ಮಾಡಿಕೊಡುತ್ತೇನೆ. ಕಥೆಯಲ್ಲ, ನಾವೆಲ್ಲ ಕಂಡದ್ದು.

2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಬಾಗಿಲಿಗೆ ಬಂದು ತಾಟು ಬಾರಿಸಿತು, ಚಪ್ಪಾಳೆ ತಟ್ಟಿತು. ಮೇ 3ರಂದು ಹೆಲಿಕಾಪ್ಟರುಗಳು ದವಾಖಾನೆಗಳ ಮೇಲೆ ಹೂವು ಸುರಿದವು. ನಾನು ಆಗ ಇನ್ನೂ ಶಾಲೆಯ ಮಾಸ್ತರ. ಊರ ಹೊರಗಿನ ಒಂದು ನಾಕೆಯಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಹಾಕಿದ್ದರು. ನನ್ನ ಪಕ್ಕದಲ್ಲಿ ಒಬ್ಬ ಆಶಾ ಕಾರ್ಯಕರ್ತೆ ನಿಂತಿರುತ್ತಿದ್ದಳು. ಬಿಸಿಲಿನಲ್ಲಿ ಮನೆಮನೆಗೆ ಹೋಗಿ ಬಂದು, ಮುಖಕ್ಕೆ ಕಟ್ಟಿದ ಅದೇ ಅರಿವೆಯನ್ನು ರಾತ್ರಿ ಒಗೆದು ಬೆಳಿಗ್ಗೆ ಕಟ್ಟಿಕೊಂಡು ಬರುತ್ತಿದ್ದಳು. ಹೂವು ಸುರಿದ ಸುದ್ದಿಯನ್ನು ನಾನು ಮೊಬೈಲಿನಲ್ಲಿ ತೋರಿಸಿದೆ. ಆಕೆ ನೋಡಿದಳು. "ಚಲೋ ಆತ್ರಿ ಮಾಸ್ತರೆ, ಈ ತಿಂಗಳದ ರೊಕ್ಕ ಯಾವಾಗ ಬರತೈತಿ ಅಂತ ಅದರಾಗ ಏನರ ಬರದಾರೇನು?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಅದೇ ವರುಷ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿರಿ ಎಂದು ಮುಷ್ಕರ ಹೂಡಬೇಕಾಯಿತು. ಮಾರ್ಚಿನಲ್ಲಿ ಚಪ್ಪಾಳೆ, ಮೇ ತಿಂಗಳಲ್ಲಿ ಹೂವು, ಜುಲೈಯಲ್ಲಿ ಮುಷ್ಕರ. 2022ರಲ್ಲಿ ಜಗತ್ತಿನ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಇದೇ ಹೆಣ್ಣುಮಕ್ಕಳು ಚಳಿಯಲ್ಲಿ ಬೆಂಗಳೂರಿಗೆ ಹೋಗಿ ಮತ್ತೆ ಅದೇ ಕೂಲಿಯ ಮಾತಿಗಾಗಿ ಧರಣಿ ಕೂತರು. ಪೌರಕಾರ್ಮಿಕರ ಕಥೆಯೂ ಬೇರೆಯಲ್ಲ. ಅವರ ಪಾದ ತೊಳೆದವರು, ಶಾಲು ಹೊದಿಸಿದವರು ಬೇಕಾದಷ್ಟು. ಆದರೆ 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಕುಳಿತ ಮೇಲೆಯೇ, ಸೆಪ್ಟೆಂಬರದಲ್ಲಿ 11,133 ಜನರನ್ನು ಕಾಯಂ ಮಾಡಲು ಸರಕಾರ ಒಪ್ಪಿತು. ಶಾಲು ಕೊಡಿಸದ್ದನ್ನು ಸಂಘಟನೆ ಕೊಡಿಸಿತು.

ಇದನ್ನು ಹೇಳುವುದು ಹೂವನ್ನು ಹಳಿಯಲಿಕ್ಕಲ್ಲ. ಹೂವು ಒಳ್ಳೆಯದೇ. ಆದರೆ ಗೌರವಕ್ಕೆ ಒಂದು ದೊಡ್ಡ ಅಪಾಯವಿದೆ. ಕೊಟ್ಟವನಿಗೆ ಸಾಲ ತೀರಿತು ಎಂಬ ಸಮಾಧಾನ ಆಗಿಬಿಡುತ್ತದೆ. ತೋಟದ ಬಿಟ್ಟಿ ಟಿಕೆಟ್ಟೂ ಹಾಗೆ ಆಗಬಾರದು. "ನಿಮಗೆ ತೋಟ ಬಿಟ್ಟಿ ಕೊಟ್ಟೇವಲ್ಲ, ಇನ್ನು ಸಂಬಳದ ಮಾತು ಯಾಕೆ?" ಎಂದು ನಾಳೆ ಯಾರೂ ಹೇಳುವಂತಾಗಬಾರದು.

ಬಾಗಿಲ ಒಳಗೆ, ಬಾಗಿಲ ಹೊರಗೆ

ನಾನು ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ಊರಿನಲ್ಲಿ ಇದ್ದೆ. ಊರ ಹೆಸರು ಬೇಡ. ಅಲ್ಲಿ ಒಂದು ಸಾರ್ವಜನಿಕ ತೋಟ. ಕಾರಂಜಿ, ಹುಲ್ಲುಹಾಸು, ಮಕ್ಕಳಿಗೆ ಜೋಕಾಲಿ. ಬಾಗಿಲಲ್ಲಿ ಹತ್ತು ರೂಪಾಯಿ ಟಿಕೆಟ್. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಅವನ ತಾಯಿ ದಿನಾ ಬೆಳಿಗ್ಗೆ ಐದು ಗಂಟೆಗೆ ಆ ತೋಟದ ಹಾದಿ ಗುಡಿಸುವವಳು. ಒಂದು ಭಾನುವಾರ ಸಂಜೆ ನಾನು ಆ ಕಡೆ ಹೋದೆ. ತಾಯಿ ಮೂರು ಮಕ್ಕಳನ್ನು ಕರೆದುಕೊಂಡು ತೋಟದ ಕಬ್ಬಿಣದ ಬೇಲಿಯ ಹೊರಗೆ ಕುಳಿತಿದ್ದಳು. ಮಕ್ಕಳು ಬೇಲಿಯ ಸರಳು ಹಿಡಿದು ಒಳಗಿನ ಜೋಕಾಲಿ ನೋಡುತ್ತಿದ್ದವು. "ಯಾಕವ್ವಾ, ಒಳಗ ಹೋಗಬಾರದೇನು?" ಎಂದೆ. "ನಾಲ್ಕು ಮಂದಿಗೆ ನಲವತ್ತು ರೂಪಾಯಿ ಆಗತೈತ್ರಿ. ಇಲ್ಲಿಂದನೂ ಕಾರಂಜಿ ಕಾಣತೈತಿ" ಎಂದಳು.

ಬೆಳಿಗ್ಗೆ ಪೊರಕೆ ಹಿಡಿದರೆ ಒಳಗೆ, ಸಂಜೆ ಮಕ್ಕಳ ಕೈ ಹಿಡಿದರೆ ಹೊರಗೆ. ನಾನು ಅಂದು ಟಿಕೆಟ್ ತೆಗೆಸಿ ಅವರನ್ನು ಒಳಗೆ ಕಳಿಸಬಹುದಿತ್ತು. ಕಿಸೆಯಲ್ಲಿ ನಲವತ್ತು ರೂಪಾಯಿ ಇತ್ತು. ಸಂಕೋಚಪಟ್ಟು ಮುಂದೆ ನಡೆದೆ. ಆ ತಪ್ಪು ನನ್ನದು. ಅದನ್ನು ಇವತ್ತಿನವರೆಗೂ ಮರೆತಿಲ್ಲ. ಆದರೆ ಒಬ್ಬ ಮಾಸ್ತರ ಒಂದು ಸಂಜೆ ನಲವತ್ತು ರೂಪಾಯಿ ಕೊಟ್ಟರೆ ಅದು ದಾನ. ಅವಳಿಗೆ ಬೇಕಾದದ್ದು ದಾನ ಅಲ್ಲ. ಅವಳೇ ಗುಡಿಸಿದ ಹಾದಿಯಲ್ಲಿ ಅವಳ ಮಕ್ಕಳು ನಡೆಯುವ ಹಕ್ಕು.

ಹಕ್ಕಿನ ಮಾತು ಹೊಸದಲ್ಲ. ನಮ್ಮ ಗದಗ ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ ಇತ್ತು. 1923ರಲ್ಲಿ ಮುಂಬಯಿಯ ಕಾಯಿದೆ ಕೌನ್ಸಿಲಿನಲ್ಲಿ ಎಸ್.ಕೆ. ಬೋಲೆ ಎಂಬವರು ಒಂದು ಠರಾವು ತಂದರು. ಸಾರ್ವಜನಿಕರ ಹಣದಿಂದ ಕಟ್ಟಿ ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂದು. ಠರಾವು ಪಾಸಾಯಿತು. ಮಹಾಡದ ಮುನಸಿಪಾಲ್ಟಿ 1924ರಲ್ಲಿ ತನ್ನ ಕೆರೆಯೂ ತೆರೆದಿದೆ ಎಂದು ಬರೆದುಕೊಂಡಿತು. ಆದರೆ ಬರೆದದ್ದು ಕಾಗದದ ಮೇಲೆ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರ ಜೊತೆ ಹೋಗಿ ಚವದಾರ ಕೆರೆಯ ನೀರು ಮುಟ್ಟಿದ ಮೇಲೆ ಆ ಠರಾವಿಗೆ ಜೀವ ಬಂತು. ಅದು ಜಾತಿಯ ಬಾಗಿಲು. ಇವತ್ತು ತೋಟಕ್ಕೆ ಇರುವುದು ಹಣದ ಬಾಗಿಲು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಜಾತಿಯ ಬಾಗಿಲಿನ ಹಿಂದಿನ ಅವಮಾನ ಬಹಳ ದೊಡ್ಡದು. ಆದರೆ ಸಾರ್ವಜನಿಕರ ಹಣದಿಂದ ಕಟ್ಟಿದ್ದು ಸಾರ್ವಜನಿಕರೆಲ್ಲರಿಗೂ ತೆರೆದಿರಬೇಕು ಎಂಬ ನ್ಯಾಯ ಎರಡೂ ಕಡೆಗೆ ಒಂದೇ.

ಹೊಟ್ಟೆಯ ಪ್ರಶ್ನೆ

ಈ ವಿಷಯ ಮೊನ್ನೆ ಮಾತಿಗೆ ಬಂದಾಗ ಒಬ್ಬ ಹಿರಿಯ ಹಮಾಲರು ನನ್ನನ್ನು ಕೇಳಿದರು: "ಮಾಸ್ತರೆ, ತ್ವಾಟದ ಬಾಗಲಾ ತಗದರ ಹೊಟ್ಟಿ ತುಂಬತೈತೇನು?"

ಇದು ಉತ್ತರ ಕೊಡಬೇಕಾದ ಪ್ರಶ್ನೆ. ತೋಟದಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಮನುಷ್ಯ ಹೊಟ್ಟೆಯೊಂದೇ ಅಲ್ಲ. ಎಂಟು ತಾಸು ಕೆಲಸ, ಎಂಟು ತಾಸು ನಿದ್ದೆ, ಎಂಟು ತಾಸು ತನ್ನದು ಎಂದು ಕೆಲಸಗಾರರು ಹೋರಾಡಿದರು. ಆ ಮೂರನೆಯ ಎಂಟು ತಾಸನ್ನು ಎಲ್ಲಿ ಕಳೆಯಬೇಕು? ಹತ್ತು ಚದರದ ಕೋಣೆಯಲ್ಲೇ? ಸಾರಾಯಿ ಅಂಗಡಿಯ ಕಟ್ಟೆಯ ಮೇಲೆಯೇ? ಉಳ್ಳವನಿಗೆ ಮನೆಯ ಹಿಂದೆ ಹಿತ್ತಲು ಇದೆ. ಇಲ್ಲದವನ ಹಿತ್ತಲು ಎಂದರೆ ಊರ ತೋಟ. ದಿನವೆಲ್ಲ ಅರಳೆಯ ಧೂಳು ನುಂಗಿದ ಎದೆಗೆ ಒಂದು ತಾಸು ಮರದ ಗಾಳಿ ಬೇಕು.

ಇದನ್ನು ಇಂಗ್ಲೆಂಡಿನ ಗಿರಣಿ ಊರುಗಳು ಬಹಳ ಹಿಂದೆಯೇ ಕಂಡುಕೊಂಡವು. ಡರ್ಬಿ ಎಂಬ ಊರಿನಲ್ಲಿ ಜೋಸೆಫ್ ಸ್ಟ್ರಟ್ ಎಂಬ ಗಿರಣಿ ಮಾಲಕ 1840ರಲ್ಲಿ ಊರಿಗೆ ಒಂದು ತೋಟ ಕೊಟ್ಟ. ಅವನು ಹಾಕಿದ ನಿಯಮ ಏನು? ವಾರದಲ್ಲಿ ಎರಡು ದಿನ, ಭಾನುವಾರ ಮತ್ತು ಬುಧವಾರ, ಎಲ್ಲರಿಗೂ ಬಿಟ್ಟಿ. ಉಳಿದ ದಿನ ಶುಲ್ಕ. ಮುಂದೆ ಆ ಶುಲ್ಕವೂ ಹೋಯಿತು. 1847ರಲ್ಲಿ ಬರ್ಕನ್‌ಹೆಡ್ ಎಂಬ ಊರಿನವರು ಸಾರ್ವಜನಿಕರ ಹಣದಿಂದಲೇ ಉದ್ಯಾನ ಕಟ್ಟಿ ಎಲ್ಲರಿಗೂ ತೆರೆದರು. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕು 1870ರಿಂದ ಇದೆ. ಅದರ ಬಾಗಿಲಲ್ಲಿ ಟಿಕೆಟ್ ಕೇಳುವವರು ಇಲ್ಲ. ಮಂತ್ರಿಯೂ ಅಲ್ಲೇ ನಡೆಯಬಹುದು, ಮೂಟೆ ಹೊರುವವನೂ ಅಲ್ಲೇ ಮಲಗಬಹುದು.

ಯೋಧರಿಗೆ ಗೌರವವಾಗಿ ತೋಟ ತೆರೆದವರೂ ಇದ್ದಾರೆ. ಅಮೆರಿಕದವರು ತಮ್ಮ ರಾಷ್ಟ್ರೀಯ ಉದ್ಯಾನಗಳಲ್ಲಿ ಮಾಜಿ ಸೈನಿಕರಿಗೆ, ಯುದ್ಧದಲ್ಲಿ ಸತ್ತವರ ಮನೆಯವರಿಗೆ 2020ರಿಂದ ಪ್ರವೇಶ ಬಿಟ್ಟಿ ಮಾಡಿದರು. ಸತ್ತವರ ಮನೆಯವರಿಗೆ ಎಂಬುದನ್ನು ಗಮನಿಸಿರಿ. ಅದು ಒಳ್ಳೆಯ ವಿಚಾರ, ನಾವೂ ತೆಗೆದುಕೊಳ್ಳಬೇಕು. ನಮ್ಮ ದೇಶದಲ್ಲಿಯೂ 2022ರ ಆಗಸ್ಟ್ 5ರಿಂದ 15ರವರೆಗೆ ಪುರಾತತ್ವ ಇಲಾಖೆ ತನ್ನ ಎಲ್ಲ ಸ್ಮಾರಕಗಳ ಟಿಕೆಟ್ಟನ್ನು ಎಲ್ಲರಿಗೂ ತೆಗೆದುಹಾಕಿತ್ತು. ಆಗ ಯಾವ ಗುಡಿಯೂ ಕುಸಿಯಲಿಲ್ಲ, ಖಜಾನೆಯೂ ಬರಿದಾಗಲಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

"ಟಿಕೆಟ್ ಇಲ್ಲದಿದ್ದರೆ ತೋಟ ನಡೆಸುವ ಖರ್ಚು ಎಲ್ಲಿಂದ?" ಎಂದು ವ್ಯಾಪಾರಸ್ಥ ಗೆಳೆಯರು ಕೇಳುತ್ತಾರೆ. ಲೆಕ್ಕ ಬಲ್ಲವರು, ಕೇಳಲೇಬೇಕು. ಪ್ರಾಣಿಗಳಿಗೆ ಮೇವು, ಮಾಂಸ, ಔಷಧ ಬೇಕು. ಪ್ರಾಣಿ ಸಂಗ್ರಹಾಲಯದ ಟಿಕೆಟ್ ಪೂರ್ತಿ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಡರ್ಬಿಯ ಹಾಗೆ ವಾರಕ್ಕೆ ಒಂದು ದಿನ ತೆಗೆಯಲಿ. ಆದರೆ ಹುಲ್ಲು, ಗಿಡ, ನಾಲ್ಕು ಬೆಂಚು ಇರುವ ಸಾದಾ ತೋಟಕ್ಕೆ ಬೇರೆ ಟಿಕೆಟ್ ಯಾಕೆ? ಮನೆಯ ಕರ, ಅಂಗಡಿಯ ಕರ, ನೀರಿನ ಕರ ಎಂದು ನೀವು ಮೊದಲೇ ಕೊಟ್ಟಿದ್ದೀರಿ. ಒಂದೇ ಮಾಲಿಗೆ ಎರಡು ಸಲ ಬಿಲ್ಲು ಹರಿದರೆ ನಿಮ್ಮ ಗಿರಾಕಿ ಸುಮ್ಮನಿರುತ್ತಾನೆಯೇ?

ಸಾಲುಮರದ ತಿಮ್ಮಕ್ಕ 2025ರ ನವೆಂಬರದಲ್ಲಿ ತೀರಿಕೊಂಡರು. ಕೂಲಿ ಮಾಡಿ ಬದುಕಿದ ಹೆಣ್ಣುಮಗಳು. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಹಾದಿಯಲ್ಲಿ ಗಂಡನ ಜೊತೆ ನೀರು ಹೊತ್ತು ನೂರಾರು ಆಲದ ಗಿಡ ಬೆಳೆಸಿದರು. ಸರಕಾರ ಅವರ ಹೆಸರಿನಲ್ಲಿ ಊರೂರಿಗೆ ವೃಕ್ಷೋದ್ಯಾನ ಮಾಡಿತು. ಒಳ್ಳೆಯದು. ಆದರೆ ಆ ತಾಯಿ ಬೆಳೆಸಿದ ಮರಗಳ ನೆರಳಿಗೆ ಬಾಗಿಲು ಇಲ್ಲ, ಟಿಕೆಟ್ ಇಲ್ಲ. ದಾರಿಹೋಕ ಯಾರೇ ಆದರೂ ಕೂಡಬಹುದು. ತೋಟ ಹೇಗಿರಬೇಕು ಎಂಬುದಕ್ಕೆ ಅದಕ್ಕಿಂತ ದೊಡ್ಡ ಪಾಠ ನನಗೆ ತಿಳಿಯದು.

ನಾವು ಮಾಡಬೇಕಾದ್ದು

ಇಲ್ಲಿಯವರೆಗೆ ಸರಕಾರಕ್ಕೆ, ಮುನಸಿಪಾಲ್ಟಿಗೆ ಹೇಳಿದ್ದಾಯಿತು. ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಬೆಂಕಿ ದಳದವನಿಗೆ ನಿಜವಾದ ಗೌರವ ಯಾವುದು? ಅವನು ಸಾಯದ ಹಾಗೆ ನೋಡಿಕೊಳ್ಳುವುದು.

ಪೇಟೆಯ ಓಣಿ ನೋಡಿರಿ. ಮೊದಲೇ ಅಗಲ ಕಡಿಮೆ. ಅದರಲ್ಲಿ ಈ ಕಡೆಯ ಅಂಗಡಿಯವರು ಎರಡು ಮೊಳ ಮಾಲು ಹೊರಗಿಡುತ್ತೀರಿ, ಆ ಕಡೆಯವರು ಎರಡು ಮೊಳ. ನಡುವೆ ಮೋಟಾರ್ ಸೈಕಲ್ಲು. ನಾಳೆ ನಿಮ್ಮದೇ ಅಂಗಡಿಗೆ ಬೆಂಕಿ ಬಿದ್ದರೆ ಕೆಂಪು ಗಾಡಿ ಎಲ್ಲಿಂದ ಒಳಗೆ ಬರಬೇಕು? ಅಂದು ಬೆಂಕಿ ದಳದವರು ತಡ ಮಾಡಿದರೆಂದು ಬೈಯುತ್ತೀರಿ. ಅವರು ತಡ ಮಾಡಲಿಲ್ಲ, ನಾವು ತಡೆದೆವು. ಬೆಂಕಿ ಹತ್ತಿದಾಗ ಬಾವಿ ತೋಡಿದ ಹಾಗೆ ಅಂದು ಮಾಲು ಒಳಗೆ ಎಳೆದರೆ ಏನು ಬಂತು? ನಮ್ಮ ಮಾಲು ಓಣಿಯಿಂದ ಒಳಗೆ ಸರಿದರೆ, ಅದು ನೂರು ಶಾಲಿಗಿಂತ ದೊಡ್ಡ ಸನ್ಮಾನ.

ಗಿರಣಿಯ ಗೆಳೆಯರೇ, ನಿಮ್ಮ ಗೋಡೆಗೆ ತೂಗುಹಾಕಿದ ಕೆಂಪು ಬಕೆಟ್ಟಿನಲ್ಲಿ ಮರಳು ಇದೆಯೇ, ಬೀಡಿ ತುಂಡು ಇದೆಯೇ? ಬೆಂಕಿ ಆರಿಸುವ ಕೊಳವೆಯ ಮೇಲೆ ಬರೆದ ತಾರೀಖು ಯಾರಾದರೂ ಓದಿದ್ದೀರಾ? ಹಿಂದಿನ ಬಾಗಿಲಿಗೆ ಕೀಲಿ ಹಾಕಿದ್ದಾರೆಯೇ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಎಂಬ ದೊಡ್ಡ ಕಟ್ಟಡದಲ್ಲಿ ಹೊಗೆ ತುಂಬಿದಾಗ ದಾರಿ ಸಿಗದೆ 9 ಜನ ಸತ್ತರು. ಓದಿದವರು, ದೊಡ್ಡ ಕಚೇರಿಗಳ ಜನ. ಕೀಲಿ ಹಾಕಿದ ಬಾಗಿಲಿಗೆ ದೊಡ್ಡವರು ಸಣ್ಣವರು ಎಂಬ ಭೇದ ಇಲ್ಲ. ಬಾಗಿಲು ತೆಗೆಸಿರಿ. ಒಬ್ಬನೇ ಕೇಳಿದರೆ ಕೆಲಸ ಹೋದೀತು. ಎಲ್ಲರೂ ಕೂಡಿ ಕೇಳಿದರೆ ಬಾಗಿಲು ತೆರೆದೀತು.

ಕೂಡಿ ಮಾಡುವ ಪಾಠ ಈ ಸೀಮೆಗೆ ಹೊಸದಲ್ಲ. ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೆ ದಾರಿ ತೋರಿದ ಸಂಘ ಅದು. ಒಬ್ಬೊಬ್ಬರೇ ಸಾವುಕಾರನ ಬಾಗಿಲಿಗೆ ಹೋಗುತ್ತಿದ್ದವರು ಕೂಡಿ ತಮ್ಮದೇ ಬಾಗಿಲು ತೆರೆದುಕೊಂಡರು.

ಆದ್ದರಿಂದ ನಮ್ಮ ತರುಣರ ಅರ್ಜಿಯನ್ನು ಹರಿಯುವುದು ಬೇಡ. ಅದಕ್ಕೆ ಕೆಲವು ಮಾತು ಸೇರಿಸೋಣ. ನಾನು ಸೂಚಿಸುವುದು ಇವು.

ಒಂದು: ಬೆಂಕಿ ದಳ, 108, ಪೊಲೀಸರ ಜೊತೆಗೆ ಕಾಡಿನ ಗಾರ್ಡು ಮತ್ತು ವಾಚರು, ಲೈನ್‌ಮನ್, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು ಇವರಿಗೂ ಪ್ರವೇಶ ಬಿಟ್ಟಿ ಇರಲಿ. ಕಾಯಂ, ಗುತ್ತಿಗೆ, ದಿನಗೂಲಿ ಎಂಬ ಭೇದ ಬೇಡ. ಬೆಂಕಿ ನೇಮಕದ ಕಾಗದ ನೋಡಿ ಸುಡುವುದಿಲ್ಲ.

ಎರಡು: ಪ್ರವೇಶ ಅವರೊಬ್ಬರಿಗೇ ಅಲ್ಲ, ಹೆಂಡತಿ, ಗಂಡ, ಮಕ್ಕಳು, ಮುದಿ ತಂದೆತಾಯಿಗಳಿಗೂ ಇರಲಿ. ಕೆಲಸದಲ್ಲಿ ಸತ್ತವರ ಮನೆಯವರಿಗೆ ಬದುಕಿರುವವರೆಗೆ ಇರಲಿ.

ಮೂರು: ವಾರದ ರಜೆ ಕಾಗದದ ಮೇಲೆ ಅಲ್ಲ, ಕೈಗೆ ಸಿಗಲಿ. ರಜೆಯೇ ಇಲ್ಲದವನಿಗೆ ತೋಟದ ಪಾಸು ಕೊಡುವುದು ಹಲ್ಲಿಲ್ಲದವನಿಗೆ ಕಡಲೆ ಕೊಟ್ಟ ಹಾಗೆ.

ನಾಲ್ಕು: ಟಿಕೆಟ್ ಇರುವ ಎಲ್ಲ ಸಾರ್ವಜನಿಕ ತೋಟಗಳಲ್ಲಿ ವಾರಕ್ಕೆ ಒಂದು ದಿನ, ಸಂತೆಯ ರಜೆಯ ದಿನವೇ ಆಗಲಿ, ಎಲ್ಲರಿಗೂ ಬಾಗಿಲು ತೆರೆದಿರಲಿ.

ಐದು: ಇದು ನಮಗೆ ನಾವೇ ಹಾಕಿಕೊಳ್ಳುವ ಕಟ್ಟಳೆ. ಪೇಟೆಯ ಓಣಿಗಳಲ್ಲಿ ಕೆಂಪು ಗಾಡಿ ಹೋಗುವಷ್ಟು ದಾರಿ ಬಿಡುತ್ತೇವೆ ಎಂದು ಅರ್ಜಿಯ ಕೊನೆಗೆ ಬರೆದು ಅಂಗಡಿಕಾರರು ಸಹಿ ಹಾಕಲಿ. ಕೇಳುವವರು ಕೊಡಲಿಕ್ಕೂ ಸಿದ್ಧ ಎಂದು ಗೊತ್ತಾಗಲಿ.

ಬಂಧುಗಳೇ, ಬೇಲಿಯ ಸರಳು ಹಿಡಿದು ನಿಂತ ಆ ಮೂರು ಮಕ್ಕಳು ನನ್ನ ಕಣ್ಣ ಮುಂದೆ ಇದ್ದಾರೆ. ಈಗ ದೊಡ್ಡವರಾಗಿರಬೇಕು. ಅವರಲ್ಲಿ ಒಬ್ಬ ಬೆಂಕಿ ದಳಕ್ಕೆ ಸೇರಿರಬಹುದು, ಒಬ್ಬಳು 108ರಲ್ಲಿ ನರ್ಸು ಆಗಿರಬಹುದು. ನಾಳೆ ನನ್ನ ಮನೆಗೆ ಬೆಂಕಿ ಬಿದ್ದರೆ ಅವರೇ ಓಡಿ ಬಂದಾರು. ಬಾಗಿಲಲ್ಲಿ ನಿಂತು ನನಗೆ ಟಿಕೆಟ್ ಕೇಳುವುದಿಲ್ಲ. ಅವರಿಗೆ ನಾವು ಕೇಳಿದ್ದೆವು ಎಂಬುದು ಮಾತ್ರ ಉಳಿಯುತ್ತದೆ.

ಅರ್ಜಿ ಈ ಮೇಜಿನ ಮೇಲೆ ಇದೆ. ಓದಿರಿ, ತಿದ್ದಿರಿ, ಒಪ್ಪಿದರೆ ಸಹಿ ಹಾಕಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ.